ಗಡಿ ದಾಟಿದ ಹೆಣದ ಗಾಡಿ

ಹೆಣದ ಗಾಡಿಗೆ ರಿವರ್ಸ್ ಗೇರ್ ಇರುವುದೇ ಇಲ್ಲ ಎಂದು ಬುರುಡೆ ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಅದು ಸುಳ್ಳು. ಗೇರ್ ಇರುತ್ತದೆ, ಗಾಡಿ ಮಾಡಿದವರು ಕೊಟ್ಟೇ ಕೊಟ್ಟಿರುತ್ತಾರೆ. ಆದರೆ ಹಿಂದೆ ಪೆಟ್ಟಿಗೆ ಇದ್ದಾಗ ಶೆಡ್ಡಿನ ಯಾವ ಡ್ರೈವರನೂ ಅದನ್ನು ಮುಟ್ಟುವುದಿಲ್ಲ. ಹೊರಟ ಹೆಣವನ್ನು ಹಿಂದಕ್ಕೆ ತಂದರೆ ಅದೇ ಮನೆಯಿಂದ ಇನ್ನೊಂದನ್ನು ಹೊರಬೇಕಾಗುತ್ತದೆ ಎಂಬುದು ಅವರ ನಂಬಿಕೆ. ದಾರಿ ತಪ್ಪಿದರೆ ಊರನ್ನೆಲ್ಲ ಸುತ್ತಿ ಬಂದಾರೇ ಹೊರತು ಗಾಡಿಯನ್ನು ಒಂದು ಗೇಣು ಹಿಂದಕ್ಕೆ ಬಿಡಲಾರರು. ಹಿಂದೊಮ್ಮೆ ಒಬ್ಬ ಡ್ರೈವರು ಹೀಗೇ ಮುಂದೆ ಮುಂದೆ ಹೋಗಿ ತರಕಾರಿ ಮಾರ್ಕೆಟ್ಟಿನೊಳಗೆ ಸಿಕ್ಕಿಹಾಕಿಕೊಂಡು, ಕೊನೆಗೆ ಆ ಕಡೆಯ ಗೋಡೆ ಒಡೆಸಿ ಗಾಡಿ ಹೊರತೆಗೆದನಂತೆ. ಇದನ್ನು ಹೇಳಿದವನೂ ಬುರುಡೆಯೇ ಆದ್ದರಿಂದ ಅಲ್ಲಿ ಗೋಡೆ ಇತ್ತೋ ಇಲ್ಲವೋ ದೇವರೇ ಬಲ್ಲ.

ಶೆಡ್ಡಿನವರು ಅವನಿಗೆ ಆ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಟೀ ಲೋಟ ಕೈಗೆ ಬಂತೆಂದರೆ ಸಾಕು, ಪೆಟ್ಟಿಗೆಯೊಳಗಿನ ಮುದುಕ ಕೆಮ್ಮಿ ಎಡಕ್ಕೆ ತಿರುಗಿಸು ಎಂದದ್ದು, ತೂಕ ಜಾಸ್ತಿಯಾದ ಸಾಹುಕಾರನೊಬ್ಬ ಏರು ಹತ್ತುವಾಗ ತಾನೇ ಇಳಿದು ಗಾಡಿ ತಳ್ಳಿದ್ದು, ಎಲ್ಲ ಶುರುವಾಗುತ್ತಿತ್ತು. ಸುಳ್ಳೆಂದು ಗೊತ್ತಿದ್ದೂ ಎಲ್ಲರೂ ಕೇಳುತ್ತಿದ್ದರು. ದಿನಾ ಹೆಣ ಹೊರುವವರಿಗೆ ಅಷ್ಟಾದರೂ ನಗು ಇಲ್ಲದಿದ್ದರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ.

ಬಾವ ಸತ್ತಾಗ ಮಾತ್ರ ಬುರುಡೆಯ ಬಾಯಿ ಕಟ್ಟಿತು. ಅಕ್ಕನ ಗಂಡ, ಊರವರ ಮನೆಯ ನಲ್ಲಿ, ಪೈಪು ರಿಪೇರಿ ಮಾಡುವವನು. ಶ್ವಾಸಕೋಶದಲ್ಲಿ ನೀರು ತುಂಬಿಕೊಂಡು ದೊಡ್ಡಾಸ್ಪತ್ರೆಯಲ್ಲಿ ಸತ್ತ. ಜೀವಮಾನವಿಡೀ ಸೋರುವುದನ್ನು ನಿಲ್ಲಿಸಿದವನ ಎದೆಯೊಳಗೇ ಸೋರಿತಲ್ಲ ಎಂದು ವಾರ್ಡಿನವರು ಮರುಗಿದರು. ಅಕ್ಕ ತಾನೇ ಗಂಡನ ಮುಖ ಒರೆಸಿ, ತಲೆ ಬಾಚಿ, ಮುಂದಿನ ಕೋಣೆ ಖಾಲಿ ಮಾಡಿಸಬೇಕೆಂದು ಮೊದಲ ಬಸ್ಸಿಗೆ ಹೊರಟಳು.

"ನೀನೇ ಕರ್ಕೊಂಡು ಬಾ ತಮ್ಮಾ," ಎಂದಳು. "ಬೇರೆಯವರ ಗಾಡೀಲಿ ಅವರಿಗೆ ಸರಿಹೋಗಲ್ಲ. ನಿಧಾನಕ್ಕೆ ಬಾ."

ಅಕ್ಕನ ಮನೆ ಗಡಿಯ ಊರಿನಲ್ಲಿ. ಅವಳ ಬೀದಿ ಮುಗಿದು, ಒಂದು ಬಯಲು ದಾಟಿದರೆ ತಂತಿಬೇಲಿ. ಆ ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ಬುರುಡೆಗೆ ತನ್ನ ಗಾಡಿಯ ಮೂತಿಯೇ ಕಾಣುತ್ತಿರಲಿಲ್ಲ. ಪೈಪು ಹಾಕಲು ದೊಡ್ಡ ರಸ್ತೆ ಅಗೆದಿದ್ದರು. ಬದಲಿ ದಾರಿ ತೋರಿಸುವ ಹಲಗೆ ಗಾಳಿಗೆ ತಿರುಗಿಕೊಂಡು ಬೇರೆಲ್ಲೋ ಕೈ ತೋರಿಸುತ್ತಿತ್ತು. ಅದು ತೋರಿಸಿದ ಕಡೆ ಇವನು ಹೋದ. ಎರಡೂ ಕಡೆ ಗೋಡೆ, ನಡುವೆ ಗಾಡಿ ತೂರುವಷ್ಟೇ ಜಾಗ. ತಪ್ಪಿದೆ ಎಂದು ಸ್ವಲ್ಪ ಹೊತ್ತಿನಲ್ಲೇ ಗೊತ್ತಾಯಿತು. ಬೇರೆ ಯಾವ ಡ್ರೈವರಾದರೂ ತಲೆ ಹೊರಹಾಕಿ, ಹಿಂದಕ್ಕೆ ಬಿಟ್ಟು, ಸರಿದಾರಿ ಹಿಡಿಯುತ್ತಿದ್ದ. ಬುರುಡೆಯ ಕೈ ಗೇರಿನ ಮೇಲಿತ್ತು. ಹಿಂದೆ ಬಾವ ಮಲಗಿದ್ದ, ಮನೆಯಲ್ಲಿ ಅಕ್ಕ ಒಬ್ಬಳೇ ಉಳಿದಿದ್ದಳು. ಅವನು ಗೇರನ್ನು ಮುಂದಕ್ಕೇ ಹಾಕಿದ.

ಮುಂದೆ ಎಲ್ಲಾದರೂ ತಿರುಗಿಸಲು ಜಾಗ ಸಿಕ್ಕೀತು ಎಂದುಕೊಂಡ. ಗೋಡೆ ಮುಗಿದು ಬಯಲು ಬಂತು. ಬಯಲಲ್ಲಿ ಒಂದು ಅಡ್ಡಗಂಬ ಆಕಾಶ ನೋಡುತ್ತ ನಿಂತಿತ್ತು. ಅದನ್ನು ಇಳಿಸಬೇಕಾಗಿದ್ದ ಕಾವಲಿನವನು ಗುಡಿಸಲ ಹಿಂದೆ ಗಡ್ಡ ಬೋಳಿಸಿಕೊಳ್ಳುತ್ತಿದ್ದ. ಬುರುಡೆ ಅಡ್ಡಗಂಬದ ಕೆಳಗೆ ಹಾದು, ಅಗಲವಾದ ಜಾಗ ಸಿಕ್ಕಿತಲ್ಲ ಎಂದು ಸಂತೋಷದಿಂದ ಸ್ಟೇರಿಂಗ್ ತಿರುಗಿಸತೊಡಗಿದ. ಅಷ್ಟರಲ್ಲಿ ಯಾರೋ ಕೂಗಿದರು. ಆಮೇಲೆ ಢಂ ಎಂದಿತು. ಪಕ್ಕದ ಗಾಜು ಪುಡಿಪುಡಿಯಾಯಿತು.

ಆ ಕಡೆಯವರ ಮಾತು ಅವನಿಗೆ ಅರ್ಧ ಅರ್ಥವಾಗುತ್ತಿತ್ತು, ಬಂದೂಕು ಪೂರ್ತಿ ಅರ್ಥವಾಯಿತು. ಕೈ ಮೇಲೆತ್ತಿ ಇಳಿದ. ಮಂಜಿನಿಂದ ಕಪ್ಪಗೆ ಉದ್ದಕ್ಕೆ ಏನೋ ಬರುತ್ತಿರುವುದು ಕಂಡು ಹೆದರಿ ಹೊಡೆದವನು ಇನ್ನೂ ಮೀಸೆ ಚಿಗುರದ ಸಿಪಾಯಿ. ಪೆಟ್ಟಿಗೆಯ ಮುಚ್ಚಳ ತೆಗೆದು, ಬಾವನ ಭುಜದಲ್ಲಿ ತೂತು ನೋಡಿದವನೇ ನೆಲಕ್ಕೆ ಕುಸಿದು ಗೊಳೋ ಎಂದು ಅಳತೊಡಗಿದ. ಕೊಂದುಬಿಟ್ಟೆ, ಕೊಂದುಬಿಟ್ಟೆ ಎಂದು ತಲೆ ಚಚ್ಚಿಕೊಂಡ.

"ಇಲ್ಲಪ್ಪಾ, ಇಲ್ಲ," ಎಂದು ಬುರುಡೆಯೇ ಅವನ ಬೆನ್ನು ಸವರಬೇಕಾಯಿತು. "ಮೊದಲೇ ತೀರಿಹೋಗಿದ್ರು. ನೋಡು, ಒಂದ್ ತೊಟ್ಟು ರಕ್ತ ಬಂದಿದ್ಯಾ? ನೀನೇನೂ ಮಾಡಿಲ್ಲ ಕಣಪ್ಪ. ಅಳಬೇಡ."

ಅವರ ಅಧಿಕಾರಿಗೆ ಅಳು ಬರಲಿಲ್ಲ, ಬೆವರು ಬಂತು. ಬಾವನ ಸುತ್ತ ಸುತ್ತು ಹಾಕಿ, ಉಗುರು ಕಚ್ಚಿ, ಫೋನು ಮಾಡಿ, ಮತ್ತೆ ಸುತ್ತು ಹಾಕಿ ಕೊನೆಗೆ ಹೇಳಿದ: "ನಮ್ಮ ಗುಂಡು ಒಳಗಿರೋ ಹೆಣ ನಿಮ್ಮ ಕಡೆ ಹೋದ್ರೆ ನಾಳೆ ನಾವೇ ಕೊಂದ್ವಿ ಅಂತೀರಿ. ಪರೀಕ್ಷೆ ಆಗ್ಲಿ. ಆಮೇಲೆ ಕಳಿಸ್ತೀವಿ. ನೀನು ಹೊರಡು."

"ಬಾವನ್ನ ಬಿಟ್ಟು ಹೆಂಗೆ ಹೋಗ್ಲಿ ಸ್ವಾಮಿ?"

"ಗಾಡೀಲಿ ಹೋಗು."

ಈ ಕಡೆ ಕಾವಲಿನವನು ಅರ್ಧ ಗಡ್ಡ ಬೋಳಿಸಿಕೊಂಡ ಮುಖದಲ್ಲೇ ತನ್ನ ಸಾಹೇಬನ ಮುಂದೆ ನಡುಗುತ್ತ ನಿಂತಿದ್ದ. ಸಾಹೇಬ ಖಾಲಿ ಗಾಡಿಯನ್ನು ಒಮ್ಮೆ ನೋಡಿ, "ಗಾಡಿ ಹೋಯ್ತು, ಗಾಡಿ ಬಂತು. ಏನೂ ಆಗಿಲ್ಲ, ತಿಳೀತಾ?" ಎಂದ. ಅವರಿಗೆ ಹೆಣಕ್ಕೆ ಗುಂಡು ಹೊಡೆದ ನಾಚಿಕೆ, ಇವರಿಗೆ ಅಡ್ಡಗಂಬ ಇಳಿಸದ ನಾಚಿಕೆ. ಎರಡು ದೇಶಗಳು ಇಷ್ಟು ಬೇಗ ಒಂದು ಮಾತಿಗೆ ಬಂದದ್ದು ಅದೇ ಮೊದಲಂತೆ.

ಅಕ್ಕನ ಮನೆಯ ಮುಂದೆ ಬೀದಿಯವರೆಲ್ಲ ಸೇರಿದ್ದರು. ಮುಂದಿನ ಕೋಣೆಯ ಮಂಚ, ಬೀರು, ಬಾವನ ಪೈಪಿನ ತುಂಡುಗಳು ಎಲ್ಲವನ್ನೂ ಹಿತ್ತಲಿಗೆ ಸಾಗಿಸಿ, ನೆಲ ತೊಳೆದಿದ್ದರು. ಅಕ್ಕ ಗಾಡಿಯ ಹಿಂಬಾಗಿಲಿಗೆ ಬಂದು ಇಣುಕಿದಳು.

"ಎಲ್ಲೋ?"

"ಆ ಕಡೆಯವರು ಇಟ್ಕೊಂಡ್ರು ಅಕ್ಕ. ಪರೀಕ್ಷೆ ಮಾಡಿ ಕಳಿಸ್ತಾರಂತೆ. ಬಾವಂಗೆ ಗುಂಡು ಬಿತ್ತು."

ಪಕ್ಕದ ಮನೆಯಾಕೆ ಬಾಯಿಗೆ ಸೆರಗು ಮುಚ್ಚಿಕೊಂಡು, "ಅಯ್ಯೋ ಮಾರಾಯ, ಇವತ್ತಾದ್ರೂ ಬುರುಡೆ ಬಿಡೋದು ನಿಲ್ಸೋ," ಎಂದಳು. ಒಬ್ಬಿಬ್ಬರು ನಕ್ಕೂಬಿಟ್ಟರು. ಹುಟ್ಟಿದಾಗಿನಿಂದ ಉಪ್ಪುಖಾರ ಹಚ್ಚದೆ ಅವನು ಹೇಳಿದ ಮೊದಲ ಕತೆ ಅದು. ಅಕ್ಕ ಮಾತ್ರ ನಗಲಿಲ್ಲ. ಒಡೆದ ಗಾಜಿನ ಚೌಕಟ್ಟಿನ ಮೇಲೆ ಬೆರಳಾಡಿಸಿದಳು. ಬೆರಳು ಕೊಯ್ದು ರಕ್ತ ಬಂತು, ಅದನ್ನು ಸೀರೆಗೆ ಒರೆಸಿಕೊಂಡು ಒಳಗೆ ಹೋದಳು.

ಹೆಣ ಬರಲಿಲ್ಲ. ಆ ವಾರ ಬರಲಿಲ್ಲ, ಮುಂದಿನ ತಿಂಗಳೂ ಬರಲಿಲ್ಲ. ಮುಂದಿನ ಕೋಣೆಗೆ ಮಂಚ ವಾಪಸ್ ತರಲು ಅಕ್ಕ ಬಿಡಲಿಲ್ಲ. ಅವರು ಬರೋವರೆಗೂ ಜಾಗ ಇರ್ಲಿ ಎಂದಳು. ಹಿತ್ತಲಲ್ಲಿ ಬೀರು ಇಬ್ಬನಿಗೆ ಉಬ್ಬಿ, ಬಾಗಿಲು ಮುಚ್ಚದಂತಾಯಿತು.

ಗಡಿ ವ್ಯವಹಾರದ ಕಚೇರಿ ಎಂದು ಒಂದಿದೆ. ಅದರಲ್ಲಿ ಒಂದು ಕಿಟಕಿ, ಕಿಟಕಿಯ ಹಿಂದೆ ಒಬ್ಬ ಸಾಹೇಬ. ಕೆಟ್ಟ ಮನುಷ್ಯನಲ್ಲ, ಕುರ್ಚಿಯಂಥ ಮನುಷ್ಯ. ಬುರುಡೆ ಮತ್ತು ಅಕ್ಕ ಆ ಕಿಟಕಿಯ ಮುಂದೆ ಎಷ್ಟು ಸಲ ನಿಂತರೋ, ಅಷ್ಟು ಸಲವೂ ಒಂದೇ ಉತ್ತರ.

"ಅಂಥ ಘಟನೆಯೇ ಆಗಿಲ್ಲ ಕಣಮ್ಮ. ನಮ್ಮಲ್ಲೂ ಇಲ್ಲ, ಅವರಲ್ಲೂ ಇಲ್ಲ. ಆಗದೇ ಇರೋದನ್ನ ನಾನು ಹೆಂಗೆ ಕೇಳ್ಲಿ?"

"ಆಗಿದೆ ಸ್ವಾಮಿ, ನಾನೇ ಇದ್ನಲ್ಲ!"

"ನೀನಿದ್ದೆ ಅಂದ್ರೆ ಆಗಲ್ಲಪ್ಪ. ನಿನ್ನ ಹೆಸರೇನು, ಬುರುಡೆ ಅಲ್ವಾ?" ಕಿಟಕಿ ಸಾಹೇಬ ಹಿಂದಿನ ಕಪಾಟು ತೋರಿಸಿದ. ಇಟ್ಟಿಗೆಯಂಥ ಪುಸ್ತಕಗಳು ಸಾಲಾಗಿದ್ದವು. "ವಿಶ್ವಕೋಶದಲ್ಲಿ ಇದ್ರೆ ತಗೊಂಡು ಬನ್ನಿ. ಎರಡೂ ದೇಶದವರು ಒಪ್ಪೋದು ಅದೊಂದನ್ನೇ. ಅದರಲ್ಲಿ ಬಂದ್ರೆ ಆಗಿದೆ, ಬರದಿದ್ರೆ ಆಗಿಲ್ಲ."

ವಿಶ್ವಕೋಶದ ಕಚೇರಿ ಒಂದು ಚಪ್ಪಲಿ ಅಂಗಡಿಯ ಮೇಲಿತ್ತು. ಮೆಟ್ಟಿಲು ಹತ್ತುವಾಗ ಚರ್ಮದ ವಾಸನೆ, ಮೇಲೆ ಗೋಂದಿನ ವಾಸನೆ. ಜಗತ್ತಿನಲ್ಲಿರುವುದನ್ನೆಲ್ಲ ಅಕಾರಾದಿಯಾಗಿ ಡ್ರಾಯರುಗಳಿಗೆ ತುಂಬಿದ್ದರು, ಆದರೆ ಜನ ಕೂರಲು ಇದ್ದದ್ದು ಒಂದು ಬೆಂಚು. ಅಕ್ಕ ಅದರ ಮೇಲೆ ಕೂತಳು. ಅದೃಷ್ಟಕ್ಕೆ ಆ ವರ್ಷ ಗಡಿಯ ವಿಷಯ ಇದ್ದ ಸಂಪುಟವೇ ಅಚ್ಚಿಗೆ ಹೋಗುವುದರಲ್ಲಿತ್ತು. ಪ್ರಧಾನ ಸಂಪಾದಕರು ಬೆಳ್ಳಗಿನ, ಒಣಕಲು ಮನುಷ್ಯ. ಒಂದು ಕೈಯಲ್ಲಿ ಪೆನ್ಸಿಲ್, ಇನ್ನೊಂದರಲ್ಲಿ ರಬ್ಬರ್, ರಬ್ಬರೇ ಹೆಚ್ಚು ಸವೆದಿತ್ತು. ಪಕ್ಕದ ಮೇಜಿನಲ್ಲಿ ಇತಿಹಾಸ ವಿಭಾಗದ ಮೇಡಂ.

ಬುರುಡೆ ನಡೆದದ್ದನ್ನು ನಡೆದಂತೆಯೇ ಹೇಳಿದ. ಗುಂಡಿನ ಮಳೆ ಎಂದು ಹೇಳಲು ನಾಲಗೆ ತುದಿಗೆ ಬಂತು, ಕಚ್ಚಿಕೊಂಡ.

"ಗಡಿ ಘಟನೆ ಅಂದ್ರೆ ಯಾರಾದ್ರೂ ಸತ್ತಿರಬೇಕು," ಎಂದರು ಸಂಪಾದಕರು.

"ಸತ್ತಿದಾರಲ್ಲ ಸ್ವಾಮಿ!"

"ಗುಂಡಿಗಾ?"

"ಇಲ್ಲ, ಅದಕ್ಕೂ ಮುಂಚೆ."

"ಮುಂಚೆ ಸತ್ತೋರು ಲೆಕ್ಕಕ್ಕೆ ಬರಲ್ಲ. ಹೋಗ್ಲಿ, ನೆಲ ಏನಾದ್ರೂ ಕೈ ಬದಲಾಯ್ತಾ? ಮಂತ್ರಿ ಯಾರಾದ್ರೂ ಕುರ್ಚಿ ಬಿಟ್ರಾ?"

"ನಮ್ಮನೇ ಮಂಚ ಹಿತ್ತಲಿಗೆ ಹೋಗಿದೆ, ಅಷ್ಟೇ," ಎಂದ ಬುರುಡೆ.

ಮೇಡಂ ಕನ್ನಡಕ ತೆಗೆದರು. "ಸರ್, ಕಳೆದ ಆವೃತ್ತೀಲಿ ಗಡಿ ದಾಟಿದ ಹಸುಗೆ ಅರ್ಧ ಪುಟ ಕೊಟ್ಟಿದೀವಿ. ಚಿತ್ರ ಸಮೇತ."

"ಆ ಹಸುವನ್ನ ವಾಪಸ್ ಕೊಡೋಕೆ ಇಬ್ಬರು ಮಂತ್ರಿಗಳು ಬಂದಿದ್ರು. ಅದು ಹಸುವಿನ ಮಹತ್ವ ಅಲ್ಲ, ಮಂತ್ರಿಗಳದ್ದು."

"ಇಲ್ಲಿ ಸತ್ತವನ ಮೇಲೆ ಗುಂಡು ಬಿದ್ದಿದೆ. ಹೆಣ ಹಿಡಿದಿಟ್ಕೊಂಡಿದಾರೆ. ಹಸುಗಿಂತ ಕಡೆಯಾ ಇದು?"

"ಇವತ್ತು ಹೆಣದ ಗಾಡಿ ಹಾಕಿದ್ರೆ ನಾಳೆ ಗಾಳಿಪಟ ಹಾರಿಹೋಯ್ತು ಅಂತ ಬರ್ತಾರೆ. ನಾಡಿದ್ದು ಒಗೆದು ಹಾಕಿದ ಲುಂಗಿ ಆ ಕಡೆ ಹೋಯ್ತು ಅಂತಾರೆ. ವಿಶ್ವಕೋಶ ಅಂದ್ರೆ ಹಗ್ಗಕ್ಕೆ ಬಟ್ಟೆ ಹರವಿದ ಹಾಗಲ್ಲ ಮೇಡಂ. ಸಣ್ಣ ಘಟನೆ. ಆಕಸ್ಮಿಕ. ಎರಡು ಸಲ ಸಣ್ಣದು."

"ಯಾರಿಗೆ ಸಣ್ಣದು ಸರ್?" ಎಂದು ಮೇಡಂ ಬೆಂಚಿನ ಕಡೆ ನೋಡಿದರು. ಅಕ್ಕ ಕೈಗಳನ್ನು ತೊಡೆಯ ಮೇಲಿಟ್ಟು, ಬಸ್ಸಿಗೆ ಕಾಯುವವಳಂತೆ ಕೂತಿದ್ದಳು.

ಆ ಜಗಳ ಅಲ್ಲಿಗೆ ಮುಗಿಯಲಿಲ್ಲ. ಬುರುಡೆ ಹೆಣ ಇಳಿಸಿ ಬಿಡುವಾದಾಗೆಲ್ಲ ಗಾಡಿಯನ್ನು ಚಪ್ಪಲಿ ಅಂಗಡಿಯ ಮುಂದೆ ತಂದು ನಿಲ್ಲಿಸುತ್ತಿದ್ದ. ಹೆಣದ ಗಾಡಿ ನಿಂತ ಕಡೆ ಗಿರಾಕಿ ಚಪ್ಪಲಿ ಕೊಳ್ಳುತ್ತಾನೆಯೇ? ಅಂಗಡಿಯವನು ಮೇಲೆ ಓಡಿ, "ಏನ್ ಬರೀಬೇಕೋ ಬರ್ದು ಕಳಿಸ್ರಪ್ಪ, ನನ್ನ ವ್ಯಾಪಾರ ಮಣ್ಣಾಯ್ತು!" ಎಂದು ಕೂಗಾಡುತ್ತಿದ್ದ. ಮೇಡಂ ಅವರ ಹಟವೋ, ಅಂಗಡಿಯವನ ಕಾಟವೋ, ಸಂಪಾದಕರು ಕೊನೆಗೆ ಒಪ್ಪಿದರು. ಪ್ರತ್ಯೇಕ ಬರಹ ಬೇಡ, ಗಡಿಯ ಬರಹದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಎರಡು ಸಾಲು.

ಸಂಪುಟ ಬಂದ ದಿನ ಬುರುಡೆ ಶೆಡ್ಡಿನವರಿಗೆಲ್ಲ ಟೀ ಕುಡಿಸಿದ. ಮೇಡಂ ಒಂದು ಪ್ರತಿಯನ್ನು ಅವನ ಕೈಗಿಟ್ಟರು, ಆದರೆ ಮುಖ ನೋಡಲಿಲ್ಲ. "ಹೆಣ ಇಟ್ಕೊಂಡ ವಿಷಯ ನಾನು ಬರ್ದಿದ್ದೆ," ಎಂದರು. "ಅದಕ್ಕೆ ಸಾಕ್ಷಿ ಇಲ್ಲ ಅಂತ ಸರ್ ತೆಗೆದ್ರು." ಬುರುಡೆಗೆ ಆ ಸಂತೋಷದಲ್ಲಿ ಅದು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಪುಸ್ತಕವನ್ನು ಮಗುವಿನಂತೆ ಎತ್ತಿಕೊಂಡು, ಅಕ್ಕನನ್ನು ಕರೆದುಕೊಂಡು ಕಿಟಕಿಗೆ ಹೋದ.

ಕಿಟಕಿ ಸಾಹೇಬ ಗಟ್ಟಿಯಾಗಿ ಓದಿದ: "ಮಂಜಿನಲ್ಲಿ ದಾರಿ ತಪ್ಪಿದ ಶವವಾಹನವೊಂದು ಗಡಿ ದಾಟಿದಾಗ ಗುಂಡು ಹಾರಿತು. ಯಾವುದೇ ಪ್ರಾಣಹಾನಿ ಆಗಲಿಲ್ಲ, ವಾಹನವನ್ನು ಅಂದೇ ಹಿಂದಿರುಗಿಸಲಾಯಿತು."

ಓದಿ ಪುಸ್ತಕ ಮುಚ್ಚಿದ. "ಸರಿ. ಘಟನೆ ಆಗಿದೆ."

"ಆಗಿದೆ ಅಲ್ವಾ! ನಾನ್ ಹೇಳ್ಲಿಲ್ವಾ!" ಬುರುಡೆ ಕಿಟಕಿಯ ಕಂಬಿ ಹಿಡಿದು ಕುಣಿದ.

"ಆದ್ರೆ ಪ್ರಾಣಹಾನಿ ಆಗಿಲ್ಲ. ಯಾರೂ ಸತ್ತೇ ಇಲ್ಲ ಅಂದ್ಮೇಲೆ ಹೆಣ ಎಲ್ಲಿಂದ ಬಂತಪ್ಪ?"

ಬುರುಡೆಯ ಕೈ ಕಂಬಿಯಿಂದ ಜಾರಿತು. "ಶವವಾಹನ ಅಂತ ನೀವೇ ಓದಿದ್ರಲ್ಲ ಸ್ವಾಮಿ!"

"ಖಾಲಿ ಇದ್ದಿರಬಹುದು. ತಂದಿದ್ದನ್ನ ವಾಪಸ್ ಕೊಟ್ಟಿದಾರೆ ಅಂತಾನೂ ಇದೆ. ಇಷ್ಟು ದಿನ ಘಟನೆ ಆಗಿಲ್ಲ ಅಂತಿದ್ವಿ, ಆಗ ಹೆಣದ ಬಗ್ಗೆ ಏನೋ ಸ್ವಲ್ಪ ಅನುಮಾನ ಇತ್ತು. ಈಗ ಅಚ್ಚಾಗಿದೆ. ಇನ್ನು ಅನುಮಾನವೇ ಇಲ್ಲ."

ಬುರುಡೆ ಅಕ್ಕನ ಮುಖ ನೋಡಲಾರದೆ ತನ್ನ ಚಪ್ಪಲಿ ನೋಡಿದ. ಇಷ್ಟು ದಿನ ಓಡಾಡಿ, ಜಗಳ ಕಾದು, ಬಾವ ಬರುವ ಬಾಗಿಲಿಗೆ ತಾನೇ ಮೊಳೆ ಹೊಡೆದು ಬಂದಿದ್ದ. ಅಕ್ಕ ಅವನನ್ನು ಪಕ್ಕಕ್ಕೆ ಸರಿಸಿ ಕಿಟಕಿಯ ಹತ್ತಿರ ಬಂದಳು.

"ಯಾರೂ ಸತ್ತಿಲ್ವಾ ಸ್ವಾಮಿ?"

"ಪುಸ್ತಕದ ಪ್ರಕಾರ ಇಲ್ಲಮ್ಮ."

"ಹಾಗಾದ್ರೆ ನನ್ನ ಗಂಡ ಆ ಕಡೆ ಬದುಕಿದಾರೆ. ಕಳಿಸೋಕೆ ಹೇಳಿ."

ಕಿಟಕಿ ಸಾಹೇಬ ಮೊದಲ ಸಲ ಅವಳ ಮುಖ ನೋಡಿದ. "ಹಾಗಂದ್ರೆ ಹೆಂಗಮ್ಮ? ಬದುಕಿರೋರು ಅಪ್ಪಣೆ ಇಲ್ದೆ ಗಡಿ ದಾಟಿ, ವಾಪಸ್ ಬರದೇ ಇದ್ರೆ ಅದು ಅಪರಾಧ ಆಗುತ್ತೆ."

"ಅಪರಾಧಿನ ಹುಡುಕ್ತೀರಾ?"

"ಹುಡುಕಲೇಬೇಕು. ಆ ಕಡೆಯವರೂ ಹಿಡಿದು ಒಪ್ಪಿಸಲೇಬೇಕು. ಒಪ್ಪಂದ ಇದೆ."

"ಹೆಣಕ್ಕೆ ಒಪ್ಪಂದ ಇಲ್ವಾ?"

"ಹೆಣಕ್ಕೆ ಇಲ್ಲ."

"ಹಾಗಾದ್ರೆ ಬರ್ಕೊಳ್ಳಿ. ಓಡಿಹೋಗಿದಾರೆ."

ಹೊರಗೆ ಬಂದ ಮೇಲೆ ಬುರುಡೆ ತಲೆ ಮೇಲೆ ಕೈ ಹೊತ್ತು ಗಾಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟ. "ಏನ್ ಮಾಡ್ಬಿಟ್ಟೆ ಅಕ್ಕ! ಬಾವನ್ನ ಕಳ್ಳನ್ನ ಮಾಡ್ದೆಯಲ್ಲ! ಒಬ್ಬರ ಮನೆ ನಟ್ಟು ಬೋಲ್ಟು ಎತ್ಕೊಂಡೋರಲ್ಲ ಅವರು."

"ಒಳ್ಳೇರಾಗಿದ್ದಾಗ ಯಾರು ಹುಡ್ಕೊಂಡು ಹೋದ್ರು?" ಎಂದಳು ಅಕ್ಕ. "ಏಳು, ಗಾಡಿ ತೆಗಿ."

ಬಿಸಿಲುಕಾಲ ಬಂತು. ಒಂದು ಮಧ್ಯಾಹ್ನ ಅಕ್ಕನ ಮನೆಗೆ ಪೊಲೀಸಿನವನೊಬ್ಬ ಬಂದ. ಹೊಸ ಬೂಟು, ಬೆವರಿದ ಕತ್ತು. ಖಾಲಿ ಕೋಣೆಯಲ್ಲಿ ಕೂರಲು ಏನೂ ಇಲ್ಲದ್ದರಿಂದ ಬುರುಡೆ ಅಡುಗೆಮನೆಯಿಂದ ಒಂದು ಸ್ಟೂಲು ತಂದುಕೊಟ್ಟ. ತಲೆಮರೆಸಿಕೊಂಡವನ ವಿವರ ಬೇಕಿತ್ತಂತೆ. ಎತ್ತರ, ಬಣ್ಣ, ಮಚ್ಚೆ, ಎಲ್ಲ ಕೇಳಿದ. ಅಕ್ಕ ಒಂದಕ್ಕೂ ತಡವರಿಸದೆ ಹೇಳಿದಳು.

"ಹೋಗುವಾಗ ಯಾವ ಬಟ್ಟೆ ಹಾಕಿದ್ರು?"

"ಬಿಳೀದು."

"ಕಾಲಿಗೆ?"

"ಏನೂ ಇರ್ಲಿಲ್ಲ. ಎರಡೂ ಹೆಬ್ಬೆರಳು ಸೇರ್ಸಿ ಕಟ್ಟಿತ್ತು."

"ಕಟ್ಟಿತ್ತಾ? ಹಾಗಾದ್ರೆ ಬಹಳ ದೂರ ಹೋಗಿರಲ್ಲ ಬಿಡಿ." ಪೊಲೀಸಿನವನಿಗೆ ಉತ್ಸಾಹ ಬಂತು. ಬುರುಡೆಯ ಕಡೆ ತಿರುಗಿದ. "ಕೊನೇಲಿ ನೋಡಿದ್ದು ನೀವಲ್ವಾ? ಆರೋಗ್ಯ ಹೇಗಿತ್ತು? ಓಡೋ ಹಾಗಿದ್ರಾ?"

ಅಕ್ಕ ಅವನನ್ನೇ ನೋಡುತ್ತಿದ್ದಳು. ಬುರುಡೆ ತನ್ನ ಕತೆಗಳಲ್ಲಿ ಅಷ್ಟೆಲ್ಲ ಹೆಣಗಳನ್ನು ಎಬ್ಬಿಸಿ ಕೂರಿಸಿದ್ದ, ಮಾತಾಡಿಸಿದ್ದ, ಏರಿನಲ್ಲಿ ಗಾಡಿ ತಳ್ಳಿಸಿದ್ದ. ಈಗ ಒಂದೇ ಒಂದನ್ನು ಬದುಕಿಸಬೇಕಿತ್ತು. ಭುಜದ ಆ ತೂತು, ರಕ್ತವಿಲ್ಲದ್ದು, ಕಣ್ಣ ಮುಂದೆ ಬಂತು.

"ಗಟ್ಟಿಮುಟ್ಟಾಗಿದ್ರು," ಎಂದ.

"ಒಳ್ಳೇದಾಯ್ತು. ಯೋಚ್ನೆ ಮಾಡಬೇಡಿ ಅಮ್ಮ, ಸಿಕ್ಕಿದ್ರೆ ಬಿಡೋ ಮಾತೇ ಇಲ್ಲ. ಕೈಗೆ ಬೇಡಿ ಹಾಕಿ, ಸೀದಾ ಇಲ್ಲಿಗೇ ಕರ್ಕೊಂಡು ಬಂದು ಗುರುತು ಹಿಡಿಸ್ತೀವಿ."

"ಕರ್ಕೊಂಡು ಬನ್ನಿ," ಎಂದಳು ಅಕ್ಕ. "ಆದ್ರೆ ಬೇಡಿ ಬೇಡ. ಇಷ್ಟು ದಿನಕ್ಕೆ ಮಣಿಕಟ್ಟು ತೀರಾ ಸಣ್ಣಗಾಗಿರುತ್ತೆ, ಕಳಚಿ ಬಿದ್ದೋಗುತ್ತೆ. ಗಟ್ಟಿ ಬಟ್ಟೇಲಿ ಸುತ್ತಿ ತನ್ನಿ. ಯಾವ್ದೂ ಅಲ್ಲೇ ಉಳೀದ ಹಾಗೆ ನೋಡ್ಕೊಳ್ಳಿ."

ಪೊಲೀಸಿನವನ ಪೆನ್ನು ನಿಂತಿತು. ತೊಳೆದ ಖಾಲಿ ನೆಲವನ್ನು ನೋಡಿದ, ಬುರುಡೆಯ ಮುಖ ನೋಡಿದ. ಬುರುಡೆ ಗೋಡೆ ನೋಡಿದ.

"ಬರ್ಕೊಳ್ಳಪ್ಪಾ," ಎಂದಳು ಅಕ್ಕ. "ಯಾಕ್ ನಿಲ್ಸಿದೆ?"